ಪುಸ್ತಕದ ತೂಕ, ನೆಲದ ತೂಕ



ಕಳೆದ ತಿಂಗಳು ಕುಂದಾಪುರದಿಂದ ನನ್ನ ಅಕ್ಕನ ಮಗ ಫೋನು ಮಾಡಿದ. ಚೆನ್ನೈ ಹೊರಗೆ, ಶ್ರೀಪೆರುಂಬುದೂರಿನ ಹತ್ತಿರ ಒಂದು ದೊಡ್ಡ ಗೋದಾಮಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಕೆಲಸಕ್ಕೆ ಕರೆ ಬಂದಿದೆಯಂತೆ. "ಮಾವ, ಸೇರ್ಕಾ, ಬ್ಯಾಡ್ದಾ? ನೀವು ಅದೇ ಕೆಲ್ಸ ಮಾಡ್ದವ್ರಲ್ದಾ. ಒಳ್ಳೇದೆಂತ, ಕೆಟ್ಟದ್ದೆಂತ, ಎರಡೂ ಹೇಳಿ" ಎಂದ. "ನಾಳೆ ಹೇಳ್ತೆ" ಎಂದು ಫೋನಿಟ್ಟೆ. ನಾಳೆ ನಾಳೆ ಎಂದು ಮೂರು ವಾರ ಕಳೆಯಿತು. ಅಷ್ಟರಲ್ಲಿ ಆಕಾಶವಾಣಿಯವರು ಏನಾದರೂ ಮಾತಾಡಿ ಎಂದರು. ಅವನಿಗೆ ಕೊಡಬೇಕಿದ್ದ ಉತ್ತರವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಅವನೂ ಕೇಳುತ್ತಿರಬಹುದು.

ನಾನು ಮದರಾಸಿಗೆ ಬಂದದ್ದು 1976ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ನಮ್ಮ ಕಡೆಯ ಹುಡುಗರು ಆಗ ಮದರಾಸಿಗೆ ಬಂದರೆ ಹೋಗುವುದೆಲ್ಲಿಗೆ, ಹೋಟೆಲಿಗೆ. ನಮ್ಮ ಕಡೆಯವರೇ ಆದ ಕೃಷ್ಣರಾಯರು ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದದ್ದು 1938ರಲ್ಲಿ. ನಾನು ಬರುವ ಹೊತ್ತಿಗೆ ಆ ದಾರಿ ಸವೆದು ನುಣುಪಾಗಿತ್ತು. ತಿರುವಲ್ಲಿಕೇಣಿಯ ಒಂದು ಸಣ್ಣ ಹೋಟೆಲಿನಲ್ಲಿ ಆರು ತಿಂಗಳು ಲೋಟ ತೊಳೆದೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಧಣಿಗಳು ನನ್ನನ್ನು ಉಗ್ರಾಣಕ್ಕೆ ಹಾಕಿದರು. ಬೆಳಗಿನ ಜಾವ ನಾಲ್ಕಕ್ಕೆ ಭಟ್ಟರಿಗೆ ಅಕ್ಕಿ, ಉದ್ದು, ಬೇಳೆ ತೂಗಿ ಕೊಡುವುದು. ರಾತ್ರಿ ಉಳಿದದ್ದನ್ನು ತೂಗಿ ಬರೆದಿಡುವುದು. ಮೊದಲ ಮಳೆಗಾಲದಲ್ಲೇ ಒಂದು ವಿಚಿತ್ರ ಕಂಡಿತು. ಸಕ್ಕರೆ ಮೂಟೆ ನಾನು ಬರೆದದ್ದಕ್ಕಿಂತ ಅರ್ಧ ಕಿಲೋ ಹೆಚ್ಚು ತೂಗಿತು. ಹೆದರಿಕೊಂಡು ಧಣಿಗಳ ಹತ್ತಿರ ಓಡಿದೆ. ಅವರು ನಕ್ಕು, "ಮಾಣಿ, ಸಕ್ಕರೆ ಮಳೆ ಕುಡಿದದ್ದು. ಕಡಿಮೆ ಬಂದರೆ ಹೇಳು, ಹೆಚ್ಚು ಬಂದರೆ ಸುಮ್ಮನಿರು" ಎಂದರು. ಮಾತಿನ ಮೊದಲ ಭಾಗ ಮುಂದೆ ನನಗೆ ಅನ್ನ ಹಾಕಿತು. ಎರಡನೆಯದನ್ನು ಯಾವ ಆಡಿಟರೂ ಒಪ್ಪಲಿಲ್ಲ.

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಪರೀಕ್ಷೆ ಬರೆದು, 1984ರಲ್ಲಿ ದವಸದ ಗೋದಾಮು ಸೇರಿದೆ. ಅಲ್ಲಿಂದ ಮೂವತ್ತಮೂರು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ: ಪುಸ್ತಕದಲ್ಲಿ ಬರೆದ ತೂಕಕ್ಕೂ ನೆಲದ ಮೇಲಿರುವ ತೂಕಕ್ಕೂ ನಡುವೆ ನಿಂತುಕೊಳ್ಳುವುದು. ಗೋದಾಮಿನ ಮ್ಯಾನೇಜರ್ ಎಂದರೆ ಬೀಗ ಹಾಕಿ ತೆಗೆಯುವವನು ಎಂದು ಜನ ತಿಳಿದಿದ್ದಾರೆ. ಬೀಗದ ಕೆಲಸ ವಾಚ್‌ಮನ್ ಮಾಡುತ್ತಾನೆ. ಮ್ಯಾನೇಜರಿಗೆ ಸಂಬಳ ಕೊಡುವುದು ಆ ಎರಡು ತೂಕಗಳ ವ್ಯಾಜ್ಯ ತೀರಿಸಲಿಕ್ಕೆ.

ವ್ಯಾಜ್ಯ ಯಾಕೆ ಬರುತ್ತದೆ? ಕಾಳು ಸುಮ್ಮನೆ ಕೂರುವ ವಸ್ತುವಲ್ಲ. ಅಕ್ಕಿಯಲ್ಲಿ ನೂರಕ್ಕೆ ಹದಿನಾಲ್ಕು ಪಾಲು ನೀರಿರುತ್ತದೆ ಎಂದಿಟ್ಟುಕೊಳ್ಳಿ. ಬಿರುಬೇಸಗೆಯಲ್ಲಿ, ಶೀಟಿನ ಚಾವಣಿಯ ಕೆಳಗೆ ಅದು ಹದಿಮೂರಕ್ಕೆ ಇಳಿಯಿತು. ಒಂದೇ ಒಂದು ಪಾಲು. 50 ಕಿಲೋ ಮೂಟೆಗೆ ಲೆಕ್ಕ ಹಾಕಿದರೆ ಸುಮಾರು 575 ಗ್ರಾಂ ಗಾಳಿಗೆ ಹೋಯಿತು. ಸಾವಿರ ಮೂಟೆಯ ಅಟ್ಟಿಗೆ ಹನ್ನೊಂದೂವರೆ ಮೂಟೆ! ಇಲಿ ತಿನ್ನಲಿಲ್ಲ, ಕಳ್ಳ ಒಯ್ಯಲಿಲ್ಲ, ಗೋಣಿಯ ಹೊಲಿಗೆ ಬಿಚ್ಚಲಿಲ್ಲ. ಆದರೂ ಹನ್ನೊಂದೂವರೆ ಮೂಟೆ ಇಲ್ಲ. ಗೋಧಿಯದು ಇದಕ್ಕೆ ತದ್ವಿರುದ್ಧ. ಪಂಜಾಬಿನ ಒಣ ಹವೆಯಿಂದ ರೈಲಿನಲ್ಲಿ ಬರುವ ಗೋಧಿ ಮದರಾಸಿನ ಸಮುದ್ರದ ಗಾಳಿಯಲ್ಲಿ ಎರಡು ತಿಂಗಳು ಕೂತರೆ ತೂಕ ಏರುತ್ತದೆ. ಅಕ್ಕಿ ಕಡಿಮೆಯಾದರೆ ಮ್ಯಾನೇಜರ್ ಕದ್ದ. ಗೋಧಿ ಹೆಚ್ಚಾಗದೇ ಇದ್ದರೆ ಆಗಲೂ ಮ್ಯಾನೇಜರ್ ಕದ್ದ. ಹಾಗಾಗಿ ತೇವ ಅಳೆಯುವ ಮೀಟರ್ ನನಗೆ ಪೆನ್ನಿಗಿಂತ ಹೆಚ್ಚು ಬೇಕಾದ ಸಾಮಾನಾಗಿತ್ತು. ಮೂಟೆಗೆ ಚುಚ್ಚಿ ಕಾಳು ತೆಗೆಯುವ ಮೊನಚು ಕೊಳವೆಯೊಂದಿದೆ, ತಮಿಳಿನಲ್ಲಿ ಕುತ್ತೂಸಿ ಎನ್ನುತ್ತಾರೆ. ಅದನ್ನು ಚುಚ್ಚಿ, ಅಂಗೈಗೆ ಬಿದ್ದ ನಾಲ್ಕು ಕಾಳನ್ನು ಹಲ್ಲಿನಲ್ಲಿ ಕಡಿದರೆ, ಟಕ್ ಎಂದರೆ ಒಣಗಿದೆ, ಮೆತ್ತಗೆ ಒಡೆದರೆ ತೇವ ಇದೆ. ಹಳಬರು ಮೀಟರಿಗೆ ಮೊದಲು ಹಲ್ಲನ್ನೇ ನಂಬುತ್ತಿದ್ದರು. ನನಗೂ ಬಾಯಿಯಲ್ಲಿ ಒಂದು ಹಲ್ಲು ಕಡಿಮೆಯಾದದ್ದು ಹೀಗೆಯೇ.

ಕೆಟ್ಟದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಒಣಗಿದ್ದಕ್ಕೆ ಇಷ್ಟು ಎಂದು ಬಿಡುವ ಲೆಕ್ಕ ಎಲ್ಲ ಕಡೆಯೂ ಇದೆ. ಅದನ್ನು ದಾಟಿದ ಪ್ರತಿ ಕಿಲೋಗೂ ಮ್ಯಾನೇಜರ್ ಕಾಗದ ಬರೆಯಬೇಕು. ನಾನಿದ್ದ ಸಂಸ್ಥೆಯ ಹೆಸರು ಇಲ್ಲಿ ಬೇಡ. ನಿವೃತ್ತಿಯ ದಿನ ಶಾಲು ಹೊದೆಸಿದರು, ಗಂಧದ ಹಾರ ಹಾಕಿದರು. ಮರುವಾರ ಒಂದು ಪತ್ರ ಬಂತು: ಹನ್ನೆರಡು ವರ್ಷದ ಹಿಂದೆ ಒಂದು ಅಟ್ಟಿಯಲ್ಲಿ 38 ಮೂಟೆ ಕೊರತೆ ಕಂಡಿದೆ, ವಿವರಣೆ ತೃಪ್ತಿಕರವಾಗಿಲ್ಲ, ಅದು ತೀರ್ಮಾನವಾಗುವತನಕ ಗ್ರಾಚ್ಯುಟಿ ತಡೆಹಿಡಿಯಲಾಗಿದೆ. ಆ ಅಟ್ಟಿ ಎರಡು ಬೇಸಗೆ ಕಂಡಿತ್ತು. ಆಗಲೇ ಬರೆದುಕೊಟ್ಟಿದ್ದೆ. ತೇವದ ರಿಜಿಸ್ಟರಿನ ನಕಲು ಹಿಡಿದುಕೊಂಡು ಹದಿನಾಲ್ಕು ತಿಂಗಳು ಮೆಟ್ಟಿಲು ಹತ್ತಿ ಇಳಿದೆ. ದುಡ್ಡು ಬಂತು ಅನ್ನಿ. ಆದರೆ ಮೂವತ್ತಮೂರು ವರ್ಷ ಬೇರೆಯವರ ಅಕ್ಕಿ ಕಾಯ್ದವನನ್ನು ಕೊನೆಗೆ ಮೂಟೆ ಕದ್ದವನಂತೆ ಬೆಂಚಿನ ಮೇಲೆ ಕೂರಿಸಿದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅಳಿಯ, ಇದನ್ನು ಕೇಳಿಸಿಕೊ: ನಿನ್ನ ಸಹಿ ಇರುವ ಪ್ರತಿ ಕಾಗದದ ನಕಲು ಮನೆಯಲ್ಲಿರಲಿ.

ಇನ್ನು ಒಳ್ಳೆಯದು. ಅದೂ ಕಾಗದದ್ದೇ. ನಮ್ಮ ಗೋದಾಮಿನಲ್ಲಿ ಸಾಮಾನು ಇಟ್ಟವರಿಗೆ ಒಂದು ರಸೀತಿ ಕೊಡುತ್ತೇವೆ. ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟರೆ ಸಾಲ ಸಿಗುತ್ತದೆ. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಮಾರುವ ಬದಲು ದವಸವನ್ನು ಗೋದಾಮಿಗೆ ಹಾಕಿ, ರಸೀತಿಯ ಮೇಲೆ ಸಾಲ ಪಡೆದು, ಬೆಲೆ ಏರಿದಾಗ ಮಾರಬಹುದು. ಗೋರ್‌ವಾಲಾ ಸಮಿತಿಯ ಗ್ರಾಮೀಣ ಸಾಲ ವರದಿ 1954ರಲ್ಲಿ ಇದನ್ನೇ ಹೇಳಿತು. ಅದರ ಮೇಲೆ 1956ರ ಕಾಯ್ದೆ, 1957ರಲ್ಲಿ ಕೇಂದ್ರ ಉಗ್ರಾಣ ನಿಗಮ, ಅದೇ ವರ್ಷ ನಮ್ಮ ಮೈಸೂರು ರಾಜ್ಯದ್ದು, 1958ರಲ್ಲಿ ಮದರಾಸು ರಾಜ್ಯದ್ದು. ಆಹಾರ ನಿಗಮ ಹುಟ್ಟಿದ್ದೂ ಈ ಕಡೆಯೇ: 1965ರ ಜನವರಿ 14ರಂದು, ಮೊದಲ ಜಿಲ್ಲಾ ಕಚೇರಿ ತಂಜಾವೂರಿನಲ್ಲಿ, ಮುಖ್ಯ ಕಚೇರಿ ಆಗ ಮದರಾಸಿನಲ್ಲಿ. ಈಗ ರಸೀತಿಯೂ ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಕೈಬದಲಾಗುತ್ತದೆ. ನನ್ನ ಕಾಲದಲ್ಲಿ ಮಾತ್ರ ನನ್ನ ನೀಲಿ ಶಾಯಿಯ ಸಹಿ ಬೀಳಬೇಕಿತ್ತು. ಮೆಣಸಿನಕಾಯಿಯ ವ್ಯಾಪಾರಿಯೊಬ್ಬರು ಮಗಳ ಮದುವೆಯ ಹಿಂದಿನ ವಾರ ಬಂದು, ನಾನು ಸಹಿ ಹಾಕಿದ ಕಾಗದವನ್ನು ಕಣ್ಣಿಗೊತ್ತಿಕೊಂಡು ಬ್ಯಾಂಕಿಗೆ ಹೋದರು. ತಿಂಗಳ ಕೊನೆಗೆ ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಮಾತ್ರ ಇರುತ್ತಿದ್ದ ನನ್ನ ಸಹಿಗೆ ಆ ಬೆಲೆ!

ಗೋದಾಮು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಇದೇ ಊರು ಕಂಡಿದೆ. ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರಲ್ಲ, 1876ರಿಂದ 78ರದು, ಆಗ ಬಳ್ಳಾರಿ ಮದರಾಸು ಪ್ರೆಸಿಡೆನ್ಸಿಯಲ್ಲಿತ್ತು. ಬಳ್ಳಾರಿಯಲ್ಲಿ ಜನ ಹಸಿದು ಸಾಯುತ್ತಿದ್ದ ದಿನಗಳಲ್ಲಿ ಮದರಾಸಿನ ಕಡಲತೀರದ ಮರಳಿನ ಮೇಲೆ ದವಸದ ಮೂಟೆಗಳು ಗುಡ್ಡಗಳಂತೆ ಬಿದ್ದಿದ್ದವು. 1877ರ ಒಂದು ಫೋಟೋದಲ್ಲಿ ಅದು ಕಾಣುತ್ತದೆ. ನಾನು ಆ ಫೋಟೋ ನೋಡಿದಾಗ ಮೊದಲು ಹುಡುಕಿದ್ದು ಮೂಟೆಗಳ ಕೆಳಗೆ ಹಲಗೆ ಹಾಕಿದ್ದಾರಾ ಎಂದು. ಕಸುಬು ಮನುಷ್ಯನನ್ನು ಹೀಗೆ ಮಾಡಿಬಿಡುತ್ತದೆ. ನಾಚಿಕೆಯಾಯಿತು.

ಪ್ಯಾರಿಸ್ ಕಾರ್ನರಿನ ಹತ್ತಿರ ಗೋಡೌನ್ ಸ್ಟ್ರೀಟ್ ಎಂದೇ ಒಂದು ಬೀದಿಯಿದೆ. ಈಗ ಅಲ್ಲಿ ಬಟ್ಟೆಯ ಸಗಟು ವ್ಯಾಪಾರ. ದೀಪಾವಳಿಗೆ ಮುಂಚೆ ಹೋದರೆ ಕಾಲು ನೆಲಕ್ಕೆ ತಾಗುವುದಿಲ್ಲ. ಆ ಗೋಡೌನ್ ಎಂಬ ಮಾತನ್ನು ಇಂಗ್ಲಿಷಿನವರು ಮಲಯದಿಂದ ತಂದರೆಂದೂ, ಮಲಯಕ್ಕೆ ಅದು ನಮ್ಮ ಕಡೆಯಿಂದಲೇ, ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿಯಿಂದ ಹೋಗಿರಬಹುದೆಂದೂ ಬಲ್ಲವರು ಹೇಳುತ್ತಾರೆ. ನಮ್ಮ ಲೋಡ್‌ಮ್ಯಾನ್‌ಗಳು ಇವತ್ತಿಗೂ ಕಿಡಂಗು ಎಂದೇ ಹೇಳುವುದು.

ಈ ಲೋಡ್‌ಮ್ಯಾನ್‌ಗಳ ಮಾತು ಬಂತು, ಒಂದು ನಿಮಿಷ ನಿಲ್ಲುತ್ತೇನೆ. ಮ್ಯಾನೇಜರನ ಮಾನ ಅವರ ಬೆನ್ನ ಮೇಲಿರುತ್ತದೆ. ಕೊಕ್ಕೆ ಹಾಕಿ ಮೂಟೆ ಎಳೆದರೆ ಗೋಣಿ ಹರಿಯುತ್ತದೆ, ಕಾಳು ಸೋರುತ್ತದೆ, ಪುಸ್ತಕಕ್ಕೂ ನೆಲಕ್ಕೂ ಮತ್ತೆ ಜಗಳ. ಕೈಯಲ್ಲೇ ಎತ್ತಿ ಎಂದರೆ ಹೊತ್ತು ಹಿಡಿಯುತ್ತದೆ. ಅವರ ಕೂಲಿ ಮೂಟೆಯ ಲೆಕ್ಕದ್ದು. ನಮ್ಮ ಮೇಸ್ತ್ರಿಗೆ ನಾನು ಹೊಸದರಲ್ಲಿ ಕೊಕ್ಕೆಯ ಬಗ್ಗೆ ಜೋರು ಮಾಡಿದೆ. ಆತ ಏನೂ ಮಾತಾಡಲಿಲ್ಲ. ಒಂದು ಮೂಟೆಯನ್ನು ತಂದು ನನ್ನ ಹೆಗಲ ಮೇಲೆ ಮೆಲ್ಲಗೆ ಇಟ್ಟು, "ನಡೆಯಿರಿ ಸಾರ್" ಎಂದ. ಹದಿನೆಂಟು ಹೆಜ್ಜೆ ನಡೆದೆ. ಆಮೇಲೆ ಕೊಕ್ಕೆಯ ವಿಷಯದಲ್ಲಿ ನಾವಿಬ್ಬರೂ ಒಂದು ರಾಜಿಗೆ ಬಂದೆವು: ಮೂಟೆಯ ಕಿವಿಗೆ ಮಾತ್ರ ಕೊಕ್ಕೆ, ಹೊಟ್ಟೆಗೆ ಇಲ್ಲ.

ಹುಳದ ಸಂಗತಿ ಬೇರೆಯೇ ಒಂದು ಪುರಾಣ. ಅಕ್ಕಿಗೆ ಸೊಂಡಿಲಿನ ಹುಳ, ಹಿಟ್ಟಿಗೆ ಕೆಂಪು ಹುಳ. ಅಟ್ಟಿಯ ಮೇಲೆ ದಪ್ಪ ಹೊದಿಕೆ ಮುಚ್ಚಿ, ಟನ್ನಿಗೆ ಮೂರು ಗುಳಿಗೆಯ ಲೆಕ್ಕದಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಇಟ್ಟು ಒಂದು ವಾರ ಬಿಡಬೇಕು. ಗುಳಿಗೆ ಗಾಳಿಯ ತೇವ ಹೀರಿ ವಿಷದ ಅನಿಲ ಬಿಡುತ್ತದೆ. ಹೊದಿಕೆಯ ಅಂಚಿನಿಂದ ಅದು ಹೊರಗೆ ಬರದಂತೆ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಸುತ್ತಲೂ ಒತ್ತಿಡುತ್ತೇವೆ. ಅದಕ್ಕೆ ನಮ್ಮಲ್ಲಿ ಹಾವು ಎಂದೇ ಹೆಸರು. "ಎರಡು ಹಾವು ಕಡಿಮೆ ಇದೆ, ತನ್ನಿ" ಎಂದು ನಾನು ಕೂಗಿದ್ದನ್ನು ಕೇಳಿ ಹೊಸದಾಗಿ ಬಂದ ಗುಮಾಸ್ತನೊಬ್ಬ ಗೇಟಿನ ತನಕ ಓಡಿದ್ದ. ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿದರೆ ನಗು ಸಾಕು, ಹೊರಗೆ ನಡೆಯಬೇಕು. ಈ ಕೆಲಸದಲ್ಲಿ ಜೀವಕ್ಕೆ ಅಪಾಯ ಇಲ್ಲ ಎನ್ನುವವರು ಆ ವಾಸನೆ ನೋಡಿಲ್ಲ. ನಿವೃತ್ತನಾಗಿ ವರ್ಷಗಳಾದರೂ ನನ್ನ ಹೆಂಡತಿ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿದಾಗ ನಾನು ಒಮ್ಮೆ ಕಿಟಕಿ ಕಡೆ ನೋಡುತ್ತೇನೆ.

2015ರ ಡಿಸೆಂಬರ್ 1ರ ರಾತ್ರಿ. ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟು ಅಡ್ಯಾರು ನದಿ ದಡ ಮೀರಿತು. ನದಿಗೆ ಕೂಗಳತೆಯಲ್ಲಿದ್ದ ಗೋದಾಮು ಆಗ ನನ್ನ ವಶದಲ್ಲಿತ್ತು. ಗೋದಾಮಿನ ನೆಲಗಟ್ಟನ್ನು ಲಾರಿಯ ಎತ್ತರಕ್ಕೆ ಕಟ್ಟಿರುತ್ತಾರೆ. ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಅಟ್ಟಿ. ಇಷ್ಟಿದ್ದರೆ ಯಾವ ಮಳೆಯೂ ಮುಟ್ಟುವುದಿಲ್ಲ ಎಂದು ಮೂವತ್ತು ವರ್ಷ ನಂಬಿದ್ದೆ. ರಾತ್ರಿ ಹನ್ನೊಂದೂವರೆಗೆ ವಾಚ್‌ಮನ್ ಫೋನು: "ಸಾರ್, ಮೂಟ್ಟೈ ಎಲ್ಲಾಂ ನನೈಂಜು ಪೋಚ್ಚು." ಮೂಟೆಯೆಲ್ಲ ನೆನೆದುಹೋಯಿತು ಎಂದು. ಆಮೇಲೆ ಅವನ ಫೋನೂ ನೆನೆಯಿತೇನೋ, ಮೂರು ದಿನ ಸದ್ದಿಲ್ಲ. ನಾಲ್ಕನೆಯ ದಿನ ನಾನು ತಲುಪುವಾಗ ಆತ ಅಟ್ಟಿಯ ತುದಿಯಲ್ಲಿ, ಚಾವಣಿಗೆ ತಲೆ ತಾಗುವ ಹಾಗೆ, ನಮ್ಮ ಗೋದಾಮಿನ ಎರಡು ಬೆಕ್ಕುಗಳೊಂದಿಗೆ ಕೂತಿದ್ದ. ಒಂದು ಬಿಸ್ಕತ್ತಿನ ಪೊಟ್ಟಣದಲ್ಲಿ ಮೂವರೂ ಬದುಕಿದ್ದರು.

ಕೆಳಗಿನ ನಾಲ್ಕು ಸಾಲು ನೀರಿನಲ್ಲಿ ಮುಳುಗಿ, ಅದರ ಮೇಲಿನ ಎರಡು ಸಾಲು ಬತ್ತಿಯಂತೆ ನೀರು ಹೀರಿದ್ದವು. ಅಕ್ಕಿ ಉಬ್ಬಿದಾಗ ಗೋಣಿ ಬಿರಿಯುತ್ತದೆ, ಕೆಳಗೆ ಬಿರಿದಾಗ ಮೇಲಿನದು ವಾಲುತ್ತದೆ. ಆ ಹುಳಿ ವಾಸನೆಯನ್ನು ರೇಡಿಯೋದಲ್ಲಿ ಹೇಗೆ ಹೇಳಲಿ? ವಿಮೆಯವರ ಮುಂದೆ ಒಂದು ಮೂಟೆಯನ್ನು ತಕ್ಕಡಿಗಿಟ್ಟೆವು. 50 ಕಿಲೋ ಎಂದು ಪುಸ್ತಕ. 68 ಎಂದು ತಕ್ಕಡಿ. ನನ್ನ ನೌಕರಿಯಲ್ಲಿ ಅಕ್ಕಿಯ ತೂಕ ಪುಸ್ತಕಕ್ಕಿಂತ ಅಷ್ಟು ಮೇಲೆ ಹೋದದ್ದು ಅದೊಂದೇ ಸಲ. ಹೆಚ್ಚು ಬಂದರೆ ಸುಮ್ಮನಿರು ಎಂದ ಧಣಿಗಳು ಆ ಹೊತ್ತಿಗೆ ತೀರಿಕೊಂಡಿದ್ದರು.

ಅದೇ ನೆರೆ ಇನ್ನೊಂದು ಗೋದಾಮಿನ ಪುಸ್ತಕವನ್ನೂ ಕೆಡಿಸಿತ್ತು. ಅದು ಹೊರಬಂದದ್ದು ಐದು ವರ್ಷದ ಮೇಲೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ವಾರವೇ ಚೆನ್ನೈಯವರಿಗೆ ನೆನಪಾಯಿತು: ನಮ್ಮ ಮಣಲಿಯಲ್ಲೂ ಅದೇ ವಸ್ತು ಇದೆಯಲ್ಲ! 2015ರಲ್ಲಿ ಕಸ್ಟಮ್ಸ್‌ನವರು ಹಿಡಿದಿಟ್ಟ ಸುಮಾರು 740 ಟನ್, 37 ಕಂಟೇನರುಗಳಲ್ಲಿ. ತೂಗಿ ನೋಡುವಾಗ ಇದ್ದದ್ದು 697 ಟನ್. ಉಳಿದದ್ದು 2015ರ ನೆರೆಯಲ್ಲಿ ಹಾಳಾಗಿತ್ತು. ಹರಾಜು ಹಾಕಿ ಹೈದರಾಬಾದಿಗೆ ಸಾಗಿಸಿದರು. ಎಲ್ಲರೂ ಸಿಡಿಮದ್ದಿನ ಬಗ್ಗೆ ಮಾತಾಡುತ್ತಿದ್ದರು. ನಾನು ಪೇಪರಿನಲ್ಲಿ ಆ ಎರಡು ಅಂಕಿಗಳನ್ನೇ ನೋಡುತ್ತಿದ್ದೆ. ಐದು ವರ್ಷ ಅದರ ಕೀಲಿ ಇಟ್ಟುಕೊಂಡವನು ಪ್ರತಿ ಮಳೆಗಾಲದಲ್ಲೂ ಹೇಗೆ ನಿದ್ದೆ ಮಾಡಿದನೋ. ಬೇರೆಯವರ ಸಾಮಾನನ್ನು ವಶದಲ್ಲಿಟ್ಟುಕೊಂಡವನು ಅದನ್ನು, ಸಾಧಾರಣ ವಿವೇಕದ ಮನುಷ್ಯನೊಬ್ಬ ಅಂಥದ್ದೇ ತನ್ನ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕು ಎಂದು 1872ರ ಕರಾರು ಕಾಯ್ದೆಯ 151ನೇ ಕಲಂ ಹೇಳುತ್ತದೆ. ಅಂಥ ಸ್ವಂತದ್ದು ಯಾರಿಗಿರುತ್ತದೆ, ಹೇಳಿ!

ಅಳಿಯನಿಗೆ ಕರೆ ಬಂದಿರುವ ಗೋದಾಮು ಇಂಥದ್ದಲ್ಲ. 2017ರ ಜುಲೈಗೆ ಮುಂಚೆ ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುತ್ತಿದ್ದವು. ಗಡಿ ದಾಟಿ ಮಾರಿದರೆ ಕೇಂದ್ರ ಮಾರಾಟ ತೆರಿಗೆ, ತನ್ನದೇ ಡಿಪೋಗೆ ಕಳಿಸಿಕೊಂಡರೆ ಅದಿಲ್ಲ. ಜಿಎಸ್‌ಟಿ ಬಂದ ಮೇಲೆ ಆ ಲೆಕ್ಕ ಮುಗಿಯಿತು. ಈಗ ಶ್ರೀಪೆರುಂಬುದೂರು, ಒರಗಡಂ, ರೆಡ್ ಹಿಲ್ಸ್ ಕಡೆ ಹೋಗಿ ನೋಡಿ, ರಥಬೀದಿಯಷ್ಟು ಉದ್ದದ ಶೆಡ್ಡುಗಳು. ಕಪಾಟಿನ ಮೇಲೆ ಕಪಾಟು, ಪ್ರತಿ ಪೆಟ್ಟಿಗೆಗೂ ಬಾರ್‌ಕೋಡು. ನಾನು ಒಮ್ಮೆ ಹೋಗಿದ್ದೆ. ಅಲ್ಲಿನ ಮ್ಯಾನೇಜರಿಗೆ ಇಪ್ಪತ್ತೆಂಟು ವರ್ಷ. ರಾತ್ರಿ ಎರಡು ಗಂಟೆ, ಕಣ್ಣು ಕೆಂಪಗೆ. ಒಂದು ಶ್ಯಾಂಪೂ ಪೆಟ್ಟಿಗೆ ಕಂಪ್ಯೂಟರಿನಲ್ಲಿದೆ, ಕಪಾಟಿನಲ್ಲಿ ಇಲ್ಲ ಎಂದು ಹುಡುಕುತ್ತಿದ್ದ. ಶ್ಯಾಂಪೂ ಒಣಗುವುದಿಲ್ಲವಲ್ಲ, ಪಾಪ. ಅವನಿಗೆ ಹೇಳಿಕೊಳ್ಳಲು ಬೇಸಗೆಯೂ ಇಲ್ಲ.

ನಿವೃತ್ತಿಯ ನಂತರ ನಾನು ಮೂರು ವರ್ಷ ಇನ್ನೊಂದು ಬಗೆಯ ಗೋದಾಮು ನೋಡಿಕೊಂಡೆ. ಮನೆಸಾಮಾನು ಇಡುವುದು. ಅಮೆರಿಕದಲ್ಲಿ ಹಳೆಯ ಪದ್ಧತಿ, ಇಲ್ಲಿಗೆ ಈಚೆಗೆ ಬಂತು. ಮನೆ ಖಾಲಿ ಮಾಡಿ ಮಕ್ಕಳ ಹತ್ತಿರ ವಿದೇಶಕ್ಕೆ ಹೋಗುವವರು, ಅಪಾರ್ಟ್‌ಮೆಂಟು ಕಟ್ಟಿಸಲು ಹಳೆ ಮನೆ ಕೆಡವಿದವರು ತಂದಿಡುತ್ತಾರೆ. ಬೀಗ ಅವರದು, ಬಾಗಿಲು ನಮ್ಮದು. ಹುಳ ಇಲ್ಲ, ಲೋಡ್‌ಮ್ಯಾನ್ ಗಲಾಟೆ ಇಲ್ಲ, ಕೊರತೆಯ ಪತ್ರ ಇಲ್ಲ. ಬಾಡಿಗೆ ನಿಲ್ಲಿಸಿ ಮಾಯವಾದವರ ಸೋಫಾ ಏನು ಮಾಡುವುದು ಎಂಬುದೊಂದೇ ತಲೆನೋವು.

ಮಾಂಬಲದ ಒಬ್ಬರು ಅಮ್ಮ, ನಮ್ಮ ಉಡುಪಿಯ ಕಡೆಯವರೇ, ಮನೆ ಕೆಡವುವಾಗ ಹದಿನಾರು ಪೆಟ್ಟಿಗೆ ಮತ್ತು ಒಂದು ರುಬ್ಬುವ ಕಲ್ಲು ತಂದಿಟ್ಟರು. ಸಣ್ಣ ಟೆಂಪೋದಿಂದ ಕಲ್ಲನ್ನು ಇಳಿಸಲು ನಾಲ್ಕು ಜನ ಬೇಕಾಯಿತು. ಹಳೆ ಚಾಳಿ, ತಕ್ಕಡಿಯ ಮೇಲೆ ಇಡಿಸಿದೆ. ಗುಂಡು ಸೇರಿ 71 ಕಿಲೋ. ಕಾರ್ಡಿನಲ್ಲಿ ಬರೆದೆ. ಎರಡು ವರ್ಷ, ಎರಡು ಬೇಸಗೆ, ಎರಡು ಮಳೆಗಾಲ ಕಳೆದು ಅವರು ಅದನ್ನು ಬಿಡಿಸಿಕೊಳ್ಳಲು ಬಂದರು. ಮತ್ತೆ ತಕ್ಕಡಿಗೆ ಇಡಿಸಿದೆ. 71. ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಅಮ್ಮ ಕಲ್ಲಿನ ಅಂಚಿನಲ್ಲಿ ಎಂದೋ ಚಕ್ಕೆ ಎದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ತಮ್ಮದೇ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದರು: "ಇದಕ್ಕೆ ಕೊಟ್ಟ ಬಾಡಿಗೆಯಲ್ಲಿ ಎರಡು ಹೊಸ ಕಲ್ಲು ಬರ್ತಿತ್ತು ಅಲ್ವಾ ರಾಯರೇ?"

"ಮೂರು ಬರ್ತಿತ್ತು ಅಮ್ಮ" ಎಂದೆ.